ಬಣ್ಣದ ನಕ್ಷತ್ರಕ್ಕೆ ಬೆಳ್ಳಿಯ ಬಾಲ

ಡಿಸೆಂಬರ್ 16 ಬಂತೆಂದರೆ ಬಹರೈನಿನ ರಾಷ್ಟ್ರೀಯ ದಿನ. ಬಾಣಬಿರುಸು ನೋಡಲು ದ್ವೀಪದ ಕನ್ನಡಿಗರಾದ ನಾವೂ ಮಕ್ಕಳು ಮರಿಗಳೊಂದಿಗೆ ಹೊರಡುವವರೇ. ಕೆಂಪು, ಹಸಿರು ಹೂಗಳು ಆಕಾಶದಲ್ಲಿ ಅರಳಿ ಆರಿದ ಮೇಲೂ ಅವುಗಳ ಹಿಂದೆ ಬೆಳ್ಳಿಯ ಎಳೆಗಳು ನಿಧಾನವಾಗಿ ಇಳಿಯುತ್ತಿರುತ್ತವೆ. "ಬಣ್ಣ ಹೋದ್ರೂ ಬಾಲ ಯಾಕೆ ಉಳಿಯುತ್ತೆ?" ಎಂದು ಮಕ್ಕಳು ಕೇಳಿದರೆ ಮಾತು ಮರೆಸಿ ಪಾರಾಗುವುದು ನಮ್ಮಲ್ಲಿ ಮಾಮೂಲು. ಆದರೆ ಪ್ರಶ್ನೆ ಒಳ್ಳೆಯದೇ.

ಆಕಾಶದಲ್ಲಿ ಉರಿಯುವ ಒಂದೊಂದು ಚುಕ್ಕಿಯೂ ಒತ್ತಿ ಒಣಗಿಸಿದ ಮದ್ದಿನ ಪುಟ್ಟ ಉಂಡೆ. ತಯಾರಕರು ಅದನ್ನು 'ನಕ್ಷತ್ರ' ಎನ್ನುತ್ತಾರೆ. ಬಣ್ಣ ಇರುವುದು ಅದರ ಜ್ವಾಲೆಯಲ್ಲಿ. ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ತಾಮ್ರ ನೀಲಿ. ಇವು ಅನಿಲವಾಗಿ ಬೆಳಗುವುದರಿಂದ ಜ್ವಾಲೆ ಆರಿದೊಡನೆ ಬಣ್ಣವೂ ಮುಗಿಯಿತು. ಬಾಲದ ಕಥೆ ಬೇರೆ. ಅಲ್ಲಿರುವುದು ಘನ ಲೋಹದ ಚೂರುಗಳು, ಟೈಟಾನಿಯಂ ಇಲ್ಲವೇ ಅಲ್ಯೂಮಿನಿಯಂ. ಜ್ವಾಲೆಯಲ್ಲಿ ಕಿಡಿ ಹೊತ್ತಿಕೊಂಡು ಉಂಡೆಯಿಂದ ಕಳಚಿಕೊಂಡ ಚೂರು, ಆಮೇಲೆ ಗಾಳಿಯ ಆಮ್ಲಜನಕವನ್ನೇ ಹೀರಿ ಉರಿಯುತ್ತಾ ಬೀಳುತ್ತದೆ.

ಎಷ್ಟು ಹೊತ್ತು ಎಂಬುದು ಬಹುಮಟ್ಟಿಗೆ ಚೂರಿನ ಗಾತ್ರದ ಮೇಲೆ ನಿಂತಿದೆ. ಹಿಟ್ಟಿನಂತೆ ನುಣುಪಾದ ಲೋಹ ಜ್ವಾಲೆಯೊಳಗೇ ಒಮ್ಮೆಲೇ ಉರಿದು ಬಿಳಿ ಮಿಂಚಾಗಿಬಿಡುತ್ತದೆ. ರವೆಯಂತೆ ದಪ್ಪಗಿದ್ದರೆ ಹೊತ್ತಿಕೊಳ್ಳಲು ತಡ, ಆರಲೂ ತಡ. ಬಾಲ ಉದ್ದವಾಗುವುದು ಹೀಗೆ. ಇದ್ದಿಲು, ಕಬ್ಬಿಣ ಹಾಕಿದರೆ ಶಾಖ ಅಷ್ಟು ಏರದೆ ಬಾಲ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಇತ್ತ ಬೆಳ್ಳಿ ಹೆಚ್ಚಾದರೆ ಅದರ ಬಿಳಿ ಬೆಳಕಿನಲ್ಲಿ ಬಣ್ಣವೇ ಮಾಸುತ್ತದೆ. ಪಾಪ, ನೀಲಿಗೆ ಎಲ್ಲಕ್ಕಿಂತ ಕಷ್ಟ. ಜ್ವಾಲೆ ತೀರಾ ಬಿಸಿಯಾದರೆ ತಾಮ್ರದ ನೀಲಿ ನಿಲ್ಲುವುದೇ ಇಲ್ಲ. ಗಾಢ ನೀಲಿ ನಕ್ಷತ್ರಕ್ಕೆ ಉದ್ದನೆಯ ಬೆಳ್ಳಿ ಬಾಲ ಕಂಡರೆ, ಮಾಡಿದವನ ಕೈಚಳಕಕ್ಕೆ ಒಂದು ಚಪ್ಪಾಳೆ ಸಲ್ಲಲೇಬೇಕು.

ಅಲ್ಯೂಮಿನಿಯಂ ಎಂದರೆ ಬಹರೈನಿನಲ್ಲಿ ಯಾರಿಗೆ ಗೊತ್ತಿಲ್ಲ? 1971ರಲ್ಲಿ ಉತ್ಪಾದನೆ ಆರಂಭಿಸಿದ 'ಆಲ್ಬಾ' ಕಾರ್ಖಾನೆ ಈ ನಾಡಿನ ಹೆಮ್ಮೆ. ನಮ್ಮ ಅಡುಗೆಮನೆಯ ಪಾತ್ರೆಯಲ್ಲಿ ತಣ್ಣಗೆ ಕೂತಿರುವ ಲೋಹವೇ ಸಣ್ಣ ಚೂರಾಗಿ ಉರಿದಾಗ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ನಮ್ಮ ಚಿಂತೆಯೂ ಇದೇ. ಬೇಗ ಆರದಿರುವ ಗುಣ ನೂರಾರು ಅಡಿ ಎತ್ತರದಲ್ಲಿ ಸೊಬಗು, ಕೈಯಳತೆಯಲ್ಲಿ ಅಪಾಯ. ಊರಿನಲ್ಲಿ ಠುಸ್ಸೆಂದ ಪಟಾಕಿಗಳನ್ನು ಬಿಚ್ಚಿ, ಮದ್ದನ್ನು ಕಾಗದದ ಮೇಲೆ ಸುರಿದು ಕಡ್ಡಿ ಗೀರಿದ ಹುಡುಗಾಟ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಗೂ ಪಟಾಕಿಯಿಂದ ಕಣ್ಣಿಗೆ ಪೆಟ್ಟಾದವರು ಬರುತ್ತಾರೆ, ಅವರಲ್ಲಿ ಸುಮ್ಮನೆ ನೋಡುತ್ತಾ ನಿಂತವರೂ ಇರುತ್ತಾರೆ. ರಜೆಗೆ ಊರಿಗೆ ಹೋದಾಗ ಮಕ್ಕಳ ಕೈಗೆ ಸುರುಸುರುಬತ್ತಿ ಕೊಡುವ ಮುನ್ನ ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ. ಆರಿದಂತೆ ಕಾಣುವ ತಂತಿಯೂ ಚರ್ಮ ಸುಡುವಷ್ಟು ಕಾದಿರುತ್ತದೆ. ಕಿಡಿ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಮನೆಮದ್ದು ಹಚ್ಚಬೇಡಿ, ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ.