ಅಂಕಲಿಯ ಅಶ್ವ, ಕುರಿಗಾರರ ತಟ್ಟು

ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತರಿಗೆ ಎತ್ತಿನದೇ ಧ್ಯಾನ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೂಗಿಗೆ ಹೊಸ ಹಗ್ಗ ಎಂದು ಸಂತೆ ತುಂಬುತ್ತದೆ. ಸರಿಸುಮಾರು ಅದೇ ಹೊತ್ತಿಗೆ ಪಕ್ಕದ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಲ್ಲಿ ಎರಡು ಕುದುರೆಗಳಿಗೆ ಪೂಜೆಯಾಗುತ್ತದೆ. ಕೃಷ್ಣಾ ನದಿ ದಾಟಿ ಮೀರಜ, ಸಾಂಗ್ಲಿ, ಸಾತಾರಾ ಕಡೆಯಿಂದ ಅವು ಪುಣೆ ಬಳಿಯ ಆಳಂದಿಗೆ ನಡೆದೇ ಹೋಗುತ್ತವೆ. ದಾರಿ ಸುಮಾರು 300 ಕಿಲೋಮೀಟರ್, ಹಿಡಿಯುವ ಸಮಯ ಹತ್ತು ಹನ್ನೊಂದು ದಿನ. ಲಾರಿಯಲ್ಲಿ ಹೇರಿ ಒಂದೇ ರಾತ್ರಿಯಲ್ಲಿ ಮುಟ್ಟಿಸಬಹುದಾದ ಕಾಲದಲ್ಲೂ ಈ ನಡಿಗೆ ನಿಂತಿಲ್ಲ.

ಸಂತ ಜ್ಞಾನೇಶ್ವರರ ಪಾದುಕೆಗಳು ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಪಾಲಕಿ ಉತ್ಸವಕ್ಕೆ ಈಗಿನ ರೂಪ ಕೊಟ್ಟವರು ಸಾತಾರಾ ಸೀಮೆಯ ಆರಫಳದ ಹೈಬತಬಾಬಾ. ಗ್ವಾಲಿಯರಿನ ಸಿಂಧ್ಯರ ಬಳಿ ಚಾಕರಿಯಲ್ಲಿದ್ದು, ಆಮೇಲೆ ಎಲ್ಲ ಬಿಟ್ಟು ವಿಠ್ಠಲನ ಬೆನ್ನು ಹತ್ತಿದವರು. 1832ರ ಸುಮಾರಿಗೆ ಅವರು ಪಾಲಕಿಗೆ ರಾಜಮರ್ಯಾದೆ ಬೇಕೆಂದು ಕೇಳಿದಾಗ ಕುದುರೆ, ಡೇರೆ, ನೈವೇದ್ಯದ ಹೊಣೆ ಹೊತ್ತವರು ಅಂಕಲಿಯ ಶಿತೋಳೆ ಸರ್ಕಾರ್ ಮನೆತನ. ಇವರೂ ಸಿಂಧ್ಯರ ಸರದಾರರೇ. ಮಹಾದಜಿ ಸಿಂಧ್ಯನ ಮಗಳು ಬಾಳಾಬಾಯಿ ಶಿತೋಳೆ ಮನೆಗೆ ಸೊಸೆಯಾಗಿ ಬಂದವಳು. ಸರದಾರಿಕೆ ಹೋಯಿತು, ಸಂಸ್ಥಾನಗಳು ಹೋದವು, ನಡುವೆ ರಾಜ್ಯದ ಗಡಿಯೂ ಬಂತು. ಮರಾಠಿಗರ ಅತಿ ದೊಡ್ಡ ಯಾತ್ರೆಯ ಮುಂಚೂಣಿಯಲ್ಲಿ ಇವತ್ತಿಗೂ ಬೆಳಗಾವಿ ಜಿಲ್ಲೆಯ ಕುದುರೆಗಳೇ ಇವೆ. ಗಡಿ ವಿವಾದದ ಬಿಸಿ ಏರಿದ ವರ್ಷಗಳಲ್ಲೂ ಈ ಮಾತನ್ನು ಯಾರೂ ಎತ್ತಿ ಆಡಲಿಲ್ಲವೆಂಬುದು ನನಗೆ ಸೋಜಿಗ.

ಅಂಕಲಿಯ ಎರಡು ಕುದುರೆಗಳಲ್ಲಿ ಒಂದರ ಮೇಲೆ ಧ್ವಜ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ. ಅದು ಮಾವುಲಿಯ, ಅಂದರೆ ತಾಯಿಯೆಂದು ಕರೆಸಿಕೊಳ್ಳುವ ಜ್ಞಾನೇಶ್ವರರ ಅಶ್ವ, ಅದರ ಬೆನ್ನ ಮೇಲೆ ಅವರೇ ಇದ್ದಾರೆಂಬುದು ಪಂಢರಪುರದ ಯಾತ್ರಿಕರಾದ ವಾರಕರಿಗಳ ನಂಬಿಕೆ. ದಾರಿಯುದ್ದಕ್ಕೂ ಜನ ಕಾಯುವುದು ಇವೆರಡರ ಓಟಕ್ಕೆ. ಇದಕ್ಕೆ ರಿಂಗಣ ಎನ್ನುತ್ತಾರೆ. ಲೋಣಂದ ದಾಟಿದ ಮೇಲೆ ಚಾಂದೋಬಾಚಾ ಲಿಂಬ್‌ನಲ್ಲಿ ಮೊದಲನೆಯ ನಿಂತ ರಿಂಗಣ. ರಸ್ತೆಯ ಎರಡೂ ಬದಿಗೆ ಜನ, ನಡುವಿನ ಓಣಿಯಲ್ಲಿ ಕುದುರೆಗಳ ಓಟ. ಮುಂದೆ ಪುರಂದವಡೆ, ಖುಡೂಸ್, ವಾಖರಿಯಂಥ ಕಡೆ ಬಯಲಿನಲ್ಲಿ ಗೋಲ ರಿಂಗಣ. ನಟ್ಟನಡುವೆ ಪಾಲಕಿ, ಸುತ್ತ ದಿಂಡಿಗಳೆಂಬ ವಾರಕರಿ ತಂಡಗಳು, ಅವುಗಳ ಸುತ್ತ ಖಾಲಿ ಬಿಟ್ಟ ದಾರಿ. ಮೊದಲು ಪತಾಕೆಯವರು ಓಡುತ್ತಾರೆ, ಆಮೇಲೆ ತಲೆ ಮೇಲೆ ತುಳಸಿ ಹೊತ್ತ ಹೆಣ್ಣುಮಕ್ಕಳು, ಮೃದಂಗದವರು, ವೀಣೆಯವರು. ಕಡೆಗೆ ಸವಾರನ ಕುದುರೆ ಬಿಡುತ್ತಾರೆ, ಹಿಂದೆಯೇ ಮಾವುಲಿಯ ಅಶ್ವ. ಸವಾರನಿಲ್ಲದ ಕುದುರೆ ಮುಂದಿನದನ್ನು ಹಿಂದೆ ಹಾಕಿದ ಗಳಿಗೆಯಲ್ಲಿ ಏಳುವ ‘ಮಾವುಲಿ ಮಾವುಲಿ’ ಎಂಬ ಕೂಗಿಗೆ ಟಾಳದ ಸದ್ದು ಮುಳುಗಿಹೋಗುತ್ತದೆ. ಓಟ ಮುಗಿದದ್ದೇ ತಡ, ಗೊರಸು ತುಳಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ನೂಕುನುಗ್ಗಲು.

ಕುದುರೆಯ ಸ್ವಭಾವ ಬಲ್ಲವರಿಗೆ ಇಲ್ಲಿ ಅಚ್ಚರಿಯಾಗುವುದು ಓಟದ್ದಲ್ಲ, ಅದರ ತಾಳ್ಮೆಯದು. ಕುದುರೆ ಬೇಟೆಗೆ ಬಲಿಯಾಗುವ ಪ್ರಾಣಿ, ಅದಕ್ಕೆ ಓಡುವುದೇ ರಕ್ಷಣೆ. ತಲೆಯ ಎರಡೂ ಪಕ್ಕಕ್ಕಿರುವ ಕಣ್ಣುಗಳಿಂದ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ. ಬಾಲದ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕುರುಡು. ಹಿಂದಿನಿಂದ ಸದ್ದಿಲ್ಲದೆ ಹೋದವನಿಗೆ ಒದೆ ಬೀಳುವುದು ಇದೇ ಕಾರಣಕ್ಕೆ. ಅಂಥ ಪ್ರಾಣಿ ಲಕ್ಷಾಂತರ ಜನ, ಟಾಳ, ಮೃದಂಗ, ಮುಟ್ಟಲು ಚಾಚುವ ಕೈಗಳ ನಡುವೆ ಬೆದರದೆ ನಿಲ್ಲಬೇಕೆಂದರೆ ಅದನ್ನು ಪಳಗಿಸಿದವರ ಕೈಗುಣ ಎಂಥದಿರಬೇಕು! ನಡಿಗೆಯೂ ಸುಲಭದ್ದಲ್ಲ. ಕುದುರೆ ನೆಲ ಊರುವುದು ಪ್ರತಿ ಕಾಲಿನ ಒಂದೇ ಬೆರಳಿನ ಮೇಲೆ. ಗೊರಸೆಂದರೆ ಆ ಬೆರಳಿನ ಉಗುರು. ಡಾಂಬರಿನ ಮೇಲೆ ಅದು ಸವೆಯುತ್ತದೆ, ಲಾಳ ಕಟ್ಟಿದರೂ ಆರೆಂಟು ವಾರಕ್ಕೊಮ್ಮೆ ಬಿಚ್ಚಿ, ಬೆಳೆದ ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಹೊಟ್ಟೆಯದು ಇನ್ನೊಂದು ಪಾಡು. ದೇಹಕ್ಕೆ ಹೋಲಿಸಿದರೆ ಜಠರ ಚಿಕ್ಕದು, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯಬೇಕು. ಎತ್ತಿನ ಹಾಗೆ ಗಬಗಬ ತಿಂದು ಮಲಗಿ ಮೆಲುಕು ಹಾಕುವ ಸೌಕರ್ಯ ಇಲ್ಲ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿಕೊಳ್ಳಲೂ ಆಗದು. ಹೊಟ್ಟೆಶೂಲೆ ಬಂದರೆ ಜೀವಕ್ಕೇ ಸಂಚಕಾರ. ಕಾಲಿನ ಕೀಲುಗಳನ್ನು ಬಿಗಿದು ನಿಂತಲ್ಲೇ ತೂಕಡಿಸಬಲ್ಲದು ನಿಜ, ಆದರೆ ಗಾಢ ನಿದ್ದೆಗೆ ನೆಲಕ್ಕೊರಗಲೇಬೇಕು. ಅಂದರೆ ಬೀಡಾರದಲ್ಲಿ ಒಂದಿಷ್ಟು ಸದ್ದಿಲ್ಲದ ಜಾಗ ಬೇಕು.

2018ರ ಜುಲೈನಲ್ಲಿ ಪಾಲಕಿ ಪುಣೆಯಲ್ಲಿದ್ದಾಗ ಹೀರಾ ಎಂಬ ಅಶ್ವ ಹೃದಯಾಘಾತದಿಂದ ಸತ್ತಿತು.  ಮನೆಯ ಹಿರಿಯರೊಬ್ಬರು ಹೋದಂತೆ ಜನ ಅತ್ತರು. ಕೊರೋನಾದ 2020 ಮತ್ತು 2021ರಲ್ಲಿ ಪಾದಯಾತ್ರೆಯೇ ನಡೆಯಲಿಲ್ಲ, ಪಾದುಕೆಗಳು ಬಸ್ಸಿನಲ್ಲಿ ಪಂಢರಪುರ ಮುಟ್ಟಿದವು.

ಕುದುರೆಯನ್ನು ಇಷ್ಟು ಹಚ್ಚಿಕೊಂಡರೂ ನಮ್ಮ ನೆಲ ಎಂದೂ ಎತ್ತರದ ಕುದುರೆಯ ತವರಲ್ಲ. ಕಲ್ಯಾಣದ ಚಾಲುಕ್ಯರಿಂದ ವಿಜಯನಗರ, ಆದಿಲ್ ಶಾಹಿಗಳವರೆಗೆ ಒಳ್ಳೆಯ ಕುದುರೆ ಬೇಕಾದರೆ ಹಡಗಿನಲ್ಲಿ ಹೆಚ್ಚಾಗಿ ಅರಬ್ ದೇಶಗಳ ಕಡೆಯಿಂದ ಬರಬೇಕಿತ್ತು. ದಕ್ಷಿಣದ ಕರಾವಳಿಯವರು ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ, ಸಾಕುವ ಬಗೆ ತಿಳಿಯದೆ ಸಾಯಿಸುತ್ತಾರೆ ಎಂದು 13ನೇ ಶತಮಾನದ ಕೊನೆಯಲ್ಲಿ ಬಂದಿದ್ದ ಮಾರ್ಕೋ ಪೋಲೋ ಬರೆದಿದ್ದಾನೆ. ಕಲ್ಯಾಣದ ಮೂರನೇ ಸೋಮೇಶ್ವರ ಅದಕ್ಕೆ ನೂರೈವತ್ತು ವರ್ಷ ಹಿಂದೆಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣಗಳನ್ನೂ ಕುದುರೆಯೇರಿ ಚೆಂಡು ಹೊಡೆಯುವ ಆಟವನ್ನೂ ವಿವರಿಸಿದ್ದನೆಂಬುದು ಪಾಪ, ಪೋಲೋಗೆ ಗೊತ್ತಿರಲಿಲ್ಲ. ಹುಕ್ಕೇರಿಯಲ್ಲಿ ನಿಂತಿರುವ ಗುಮ್ಮಟಗಳು ಆ ಕುದುರೆ ದಂಡುಗಳ ಕಾಲದವು. ದಂಡು ಹೋದ ಮೇಲೆ ಅದನ್ನು ನಂಬಿ ಬದುಕಿದ ಕಸುಬುಗಳೂ ದಾರಿ ಬದಲಿಸಿದವು. ಗೋಕಾಕದ ಬಣ್ಣದ ಕಟ್ಟಿಗೆ ಗೊಂಬೆ, ಹಣ್ಣು ಹಂಪಲು ಮಾಡುವ ಕೆಲಸ ಬೆಳೆದದ್ದು ಜೀನಗಾರರ ಕೈಯಲ್ಲಿ. ಅವರ ಮೂಲ ಕಸುಬು ಕುದುರೆಗೆ ಜೀನು ಹೊಲಿಯುವುದು. ಕರದಂಟಿನ ಪೊಟ್ಟಣದ ಜೊತೆ ಗೊಂಬೆ ಕೊಳ್ಳುವವರಿಗೆ ಇದು ತಿಳಿದಿದ್ದರೆ ಚೆನ್ನ.

ಇನ್ನು ಜಾತ್ರೆಯ ಷರತ್ತು, ಅಂದರೆ ಓಟದ ಪಂದ್ಯ. ಕುದುರೆ ಗಾಡಿ ಓಟವೆಂದರೆ ಈ ಭಾಗದ ಹುಡುಗರಿಗೆ ಊಟ ಬೇಡ. ಹಗುರ ಗಾಡಿ, ಡಾಂಬರು ರಸ್ತೆ, ಅಕ್ಕಪಕ್ಕ ಹಾರ್ನ್ ಬಾರಿಸುತ್ತ ಬೈಕುಗಳು. ಗಡಿಭಾಗದ ಕೆಲವೆಡೆ ಒಂದೇ ನೊಗಕ್ಕೆ ಒಂದು ಕುದುರೆ, ಒಂದು ಎತ್ತು ಕಟ್ಟಿಯೂ ಓಡಿಸುವುದುಂಟು. ಇದು ನನಗೆ ಒಗ್ಗದ ಆಟ. ಹೆಜ್ಜೆಯ ಅಳತೆ ಬೇರೆ, ವೇಗ ಬೇರೆ, ಎಳೆಯುವ ರೀತಿಯೇ ಬೇರೆ. ಜೋಡಿಯಲ್ಲಿ ನೋಯುವುದು ಸಾಮಾನ್ಯವಾಗಿ ಎತ್ತು. ಗಟ್ಟಿ ರಸ್ತೆಯ ಪೆಟ್ಟು ಕುದುರೆಯ ಮುಂಗಾಲಿಗೆ ಬೀಳುತ್ತದೆ. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದ, ಪ್ರಾಣಿ ಹಿಂಸೆ ತಡೆಯ ಕರ್ನಾಟಕದ ತಿದ್ದುಪಡಿ ಕಾಯ್ದೆಯಲ್ಲಿ ಕಂಬಳ ಮತ್ತು ಎತ್ತಿನ ಗಾಡಿ ಓಟದ ಹೆಸರಿದೆ. ಕುದುರೆಯ ಹೆಸರಿಲ್ಲ. ಬಹುಮಾನ ಇಡುವ ಜಾತ್ರಾ ಕಮಿಟಿಯವರು ಅದನ್ನೊಮ್ಮೆ ಓದುವುದು ಒಳ್ಳೆಯದು.

ಈ ಸೀಮೆಯಲ್ಲಿ ಕುದುರೆಯ ಜೊತೆ ನಿಜವಾಗಿ ಬಾಳುವೆ ಮಾಡುವವರು, ನನ್ನ ಮಟ್ಟಿಗೆ, ಷರತ್ತಿನವರೂ ಅಲ್ಲ, ಅಂಕಲಿಯ ವಾಡೆಯವರೂ ಅಲ್ಲ, ಕುರಿಗಾರರು. ಮಳೆಗಾಲ ಮುಗಿದ ಮೇಲೆ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ರಸ್ತೆಗಳಲ್ಲಿ ಕುರಿಹಿಂಡಿನ ಹಿಂದೆ ಗಿಡ್ಡನೆಯ ತಟ್ಟುಗಳು ಬರುವುದನ್ನು ಎಲ್ಲರೂ ನೋಡಿರುತ್ತಾರೆ. ಬೆನ್ನ ಮೇಲೆ ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಎಳೆಮರಿ, ಎಲ್ಲದರ ಮೇಲೆ ಕಾಲು ಕಟ್ಟಿದ ಕೋಳಿ. ಇವುಗಳಿಗೆ ಲಾಯವಿಲ್ಲ, ಕಾಳಿನ ಪಡಿಯಿಲ್ಲ. ಬದುವಿನ ಹುಲ್ಲೇ ಆಹಾರ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಗಬ್ಬದಲ್ಲಿ ಹೊತ್ತು ದಾರಿಯಲ್ಲೇ ಈಯುತ್ತದೆ, ಮರಿ ಹುಟ್ಟಿದ ಗಂಟೆಯೆರಡು ಗಂಟೆಯಲ್ಲಿ ಎದ್ದು ನಿಂತು ಹಿಂಡಿನ ಜೊತೆ ಹೆಜ್ಜೆ ಹಾಕಲು ಕಲಿಯುತ್ತದೆ. ವಯಸ್ಸು ತಿಳಿಯಲು ಎತ್ತಿನಂತೆ ಇದಕ್ಕೂ ಹಲ್ಲು ನೋಡಬೇಕು. ಐದು ವರ್ಷಕ್ಕೆ ಬಾಯಿಗೂಡುತ್ತದೆ, ಅಂದರೆ ಹಲ್ಲೆಲ್ಲ ಬಂದಿರುತ್ತವೆ. ಗಂಡಿಗೆ ಸಾಮಾನ್ಯವಾಗಿ 40 ಹಲ್ಲು, ಹೆಣ್ಣಿಗೆ 36.

ಇದೇ ಜಾತಿಯ ದಖನಿ ತಟ್ಟನ್ನು ಭೀಮಾ ನದಿಯ ದಂಡೆಯವರು ಭೀಮಥಡಿ ಎಂದು ಕರೆದರು. ಮರಾಠಾ ದಂಡು ಗುಡ್ಡಗಾಡಿನಲ್ಲಿ ಮಿಂಚಿನಂತೆ ಎರಗಿ ಮರೆಯಾದದ್ದು ಇವುಗಳ ಬೆನ್ನ ಮೇಲೆ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇತ್ತೀಚಿನ ವರ್ಷಗಳಲ್ಲಷ್ಟೇ ಭೀಮಥಡಿಯನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿದೆ. ಮಾರವಾಡಿ, ಕಾಠಿಯಾವಾಡಿ, ಮಣಿಪುರಿಗಳ ಸಾಲಿನಲ್ಲಿ ಈಗ ಅದಕ್ಕೂ ಜಾಗವಿದೆ. ಆದರೆ ದಾಖಲೆಯಿಂದ ತಳಿ ಉಳಿಯುವುದಿಲ್ಲ. ಊರ ಗೋಮಾಳವಾದ ಗಾಯರಾಣಗಳು ಸೈಟುಗಳಾಗಿವೆ, ಬಾವಿ ನೀರು ಬಂದ ಹೊಲದಲ್ಲಿ ವರ್ಷವಿಡೀ ಕಬ್ಬು ನಿಂತಿರುತ್ತದೆ, ಕುರಿ ಕೂಡ್ರಿಸಲು ಜಾಗವಿಲ್ಲ. ಕುರಿಗಾರನ ಮಗ ಸಾಮಾನು ಸಾಗಿಸಲು ಟಾಟಾ ಏಸ್ ಬಾಡಿಗೆಗೆ ಹಿಡಿದರೆ ಅವನನ್ನು ಅನ್ನುವಂತಿಲ್ಲ. ಕುದುರೆ ಕೊಳ್ಳುವವರು ಈಗ ಹೆಚ್ಚಾಗಿ ಮದುವೆ ಮೆರವಣಿಗೆಯವರು. ಅವರಿಗೆ ಬೇಕಾದದ್ದು ಎತ್ತರದ ಬಿಳಿ ಕುದುರೆ, ಕುರಿಗಾರರ ಕಂದು ಗಿಡ್ಡವಲ್ಲ.