ಘಾಟಿಯಲ್ಲೊಂದು ಮೌಸರ್

ಗಾಡಿ ನಿಲ್ಲಿಸುವ ಬಯಲಿನಿಂದ ಘಾಟಿ ಸುಬ್ರಹ್ಮಣ್ಯನ ಗುಡಿಗೆ ನಿಧಾನವಾಗಿ ನಡೆದರೂ ಹೆಚ್ಚು ಹೊತ್ತಿನ ದಾರಿಯಲ್ಲ. ನನಗೆ ಅವತ್ತು ಒಂದೂವರೆ ಗಂಟೆ ಹಿಡಿಯಿತು. ತಪ್ಪು ದಾರಿಯ ಪಕ್ಕ ಸಾಲಾಗಿ ಕೂತಿದ್ದ ಆಟದ ಸಾಮಾನಿನ ಅಂಗಡಿಗಳದ್ದು.

ಮಂಗಳವಾರವಾದ್ದರಿಂದ ಜನ ಇದ್ದರು. ಪುಷ್ಯ ಷಷ್ಠಿಯ ತೇರು, ದನಗಳ ಜಾತ್ರೆಯ ದಿನಗಳ ಜಂಗುಳಿಯಲ್ಲ. ಒಬ್ಬರ ಹೆಗಲು ಒಬ್ಬರಿಗೆ ತಾಗುವಷ್ಟು. ಮೊದಲು ಸಿಗುವುದು ಹಣ್ಣುಕಾಯಿ ಅಂಗಡಿಗಳು, ಆಮೇಲೆ ಕಡ್ಲೆಪುರಿ, ಬೆಂಡು ಬತ್ತಾಸು, ಉಡಿದಾರ, ಬಳೆ. ಅದಾದ ಮೇಲೆ ಪ್ಲಾಸ್ಟಿಕ್ಕಿನ ರಾಜ್ಯ ಶುರು. ಅಕ್ಕನ ಮಗನಿಗೆ ಎಂಟು ವರ್ಷ. ಘಾಟಿಗೆ ಹೋಗುತ್ತೇನೆ ಅಂದಾಗ ಅವನು ಕೇಳಿದ್ದು ಪ್ರಸಾದವನ್ನಲ್ಲ, ಪಿಸ್ತೂಲನ್ನು.

ಮೊದಲ ಅಂಗಡಿಯಲ್ಲಿ ನೀರು ಚಿಮ್ಮುವ ಪಿಸ್ತೂಲುಗಳೇ. ಅವನ್ನು ದಾಟಿ ಹೋದೆ.

ಎರಡನೆಯದರಲ್ಲಿ ಕಾಲು ನಿಂತಿತು. ಹಗ್ಗಕ್ಕೆ ಪಡವಲಕಾಯಿಯಂತೆ ಇಳಿಬಿಟ್ಟ ಪಿಸ್ತೂಲುಗಳ ನಡುವೆ ಬೆಳ್ಳಿ ಬಣ್ಣದ ಒಂದು ರಿವಾಲ್ವರು. ದೀಪಾವಳಿಯಲ್ಲಿ ಸಿಗುತ್ತದಲ್ಲ, ಎಂಟು ಚುಕ್ಕಿಯ ಕೆಂಪು ಉಂಗುರ ಹಾಕಿ ಢಂ ಅನ್ನಿಸುವುದು, ಅದೇ. ಉಂಗುರ ಹಾಕಲು ಅದನ್ನು ನಡುವಿಗೆ ಮುರಿದಂತೆ ಬಗ್ಗಿಸಬೇಕು. ನಾಲ್ಕು ಸಲ ಬಗ್ಗಿಸಿ ಮುಚ್ಚಿದೆ. ನಡುವಿನಲ್ಲಿ ಕೀಲು, ಬಗ್ಗಿಸಿದರೆ ಬಾಯಿ ತೆರೆಯುವುದು: ಇದು ವೆಬ್ಲಿಯ ನಡೆ. 1887ರಲ್ಲಿ ಬ್ರಿಟಿಷ್ ಸೇನೆ ಸೇರಿದ ಆ ರಿವಾಲ್ವರಿನ ಕೀಲು ತೆರೆದರೆ ಖಾಲಿ ತೋಟಾಗಳೆಲ್ಲ ಒಟ್ಟಿಗೆ ಹೊರಗೆ ಬೀಳುತ್ತಿದ್ದವು. ಬ್ರಿಟಿಷರು ಹೋದರೂ ಕೀಲು ಹೋಗಲಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ ಲೈಸೆನ್ಸುದಾರರಿಗೆ ಮಾಡಿ ಮಾರುವ .32 ರಿವಾಲ್ವರು ಇದೇ ವಂಶದ್ದು. ದೀಪಾವಳಿಯ ಈ ಕೂಸಿಗೆ ಆ ಸಂಬಂಧ ಗೊತ್ತಿದ್ದು ಬಂತೋ, ಎರಕ ಹೊಯ್ಯುವವನಿಗೆ ಸುಲಭವೆಂದು ಬಂತೋ, ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುವುದಿಲ್ಲ.

ಮುಂದೆ ಹೋಗುವ ಮೊದಲು ಹೇಳಿಬಿಡುತ್ತೇನೆ: ನಿಜವಾದ ಪಿಸ್ತೂಲನ್ನು ನಾನು ಕೈಯಲ್ಲಿ ಹಿಡಿದಿಲ್ಲ. ನನ್ನ ತಿಳಿವಳಿಕೆಯೆಲ್ಲ ಪುಸ್ತಕದ್ದು, ಸ್ವಲ್ಪ ಮ್ಯೂಸಿಯಮ್ಮಿನದು.

ಮೂರನೇ ಅಂಗಡಿ ಉದ್ದಕ್ಕಿತ್ತು. ಹಿಂದಿನ ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಗಳು, ಮುಂಭಾಗಕ್ಕೆ ಪಾರದರ್ಶಕ ಹಾಳೆ. ಅದರಲ್ಲಿ ಒಂದನ್ನು ನೋಡಿ ನಗು ಬಂತು. ಟ್ರಿಗರಿನ ಮುಂದೆ ಬೆಂಕಿಪೊಟ್ಟಣದಂಥ ಚೌಕ, ಹಿಂದೆ ಪೊರಕೆ ಹಿಡಿಯಂತೆ ದುಂಡನೆಯ ಹಿಡಿ, ತೆಳ್ಳನೆಯ ಉದ್ದ ನಳಿಗೆ. ಜರ್ಮನಿಯ ಮೌಸರ್ ಸಿ-96. ಹುಟ್ಟಿದ್ದು 1896ರಲ್ಲಿ. ಇಲ್ಲಿ ಬಣ್ಣಬಣ್ಣದ ಮೆತ್ತನೆ ಗುಂಡು ಹಾರಿಸುವ ಆಟಿಕೆಯಾಗಿ ಕೂತಿದೆ.

ನಮ್ಮ ದೇಶದಲ್ಲಿ ಈ ಆಕಾರಕ್ಕೆ ಬೇರೆಯದೇ ನೆನಪಿದೆ. 1914ರ ಆಗಸ್ಟ್ 26ರಂದು ಕಲ್ಕತ್ತದಲ್ಲಿ ರೊಡ್ಡಾ ಎಂಬ ಬಂದೂಕು ವ್ಯಾಪಾರಿ ಕಂಪನಿಗೆ ಬಂದ ಸರಕಿನಿಂದ 50 ಮೌಸರ್ ಪಿಸ್ತೂಲು, 46,000 ತೋಟಾ ಕ್ರಾಂತಿಕಾರಿಗಳ ಪಾಲಾದವು. 1925ರಲ್ಲಿ ಕಾಕೋರಿಯ ರೈಲಿನ ಪ್ರಕರಣದಲ್ಲೂ ಮೌಸರ್ ಇತ್ತು. ಆಟಿಕೆಯ ಪೆಟ್ಟಿಗೆಯ ಮೇಲೆ ಇದೇನೂ ಇಲ್ಲ. ಹಳದಿ ಅಕ್ಷರದಲ್ಲಿ ಏನೋ ಚೀನೀ ಬರಹ, ಕೆಳಗೆ ಮೂರು ವರ್ಷದೊಳಗಿನ ಮಕ್ಕಳಿಗಲ್ಲ ಎಂಬ ಚಿತ್ರ. ಚೀನಾಕ್ಕೂ ಈ ಪಿಸ್ತೂಲು ಹೊಸದಲ್ಲ. ನೂರು ವರ್ಷದ ಹಿಂದೆಯೇ ಅಲ್ಲಿನ ಸೇನಾನಾಯಕರ ಕಾರ್ಖಾನೆಗಳು ಮೌಸರಿನ ನಕಲು ಮಾಡುತ್ತಿದ್ದವು. ಶಾನ್ಶಿ ಪ್ರಾಂತ್ಯದವರು ಅದನ್ನು .45ರ ದಪ್ಪ ಗುಂಡಿಗೆ ಹಿಗ್ಗಿಸಿಯೂ ಮಾಡಿದರು. ಅಂದರೆ ಘಾಟಿಯ ಈ ನಕಲಿಗೂ ಒಂದು ಮನೆತನ ಇದೆ ಅನ್ನಿ.

‘ಚೈನಾ ಮಾಲೇನಾ?’ ಅಂದೆ.

ಅಂಗಡಿಯವರು ಪೆಟ್ಟಿಗೆ ತಿರುಗಿಸಿ ನೋಡಿದರು. ‘ಮುಂಚೆ ಎಲ್ಲಾ ಅದೇ ಸಾರ್. ಈಗ ಡೆಲ್ಲಿ ಮಾಲ್ ಜಾಸ್ತಿ. ಇದು ಹಳೇ ಸ್ಟಾಕು.’

ಈ ಮಾತು ಲೆಕ್ಕಕ್ಕೆ ಕೂಡುತ್ತದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ಪಕ್ಕದ ಪೆಟ್ಟಿಗೆಗಳಲ್ಲಿ ಆ ಗುರುತು ಹುಡುಕಿದೆ, ಕೆಲವಕ್ಕೆ ಇತ್ತು. ಮೌಸರಿಗೆ ಇರಲಿಲ್ಲ. ನಾನೇ ಸರಿಯಾಗಿ ನೋಡಲಿಲ್ಲವೋ ಏನೋ.

ಅದರ ಕೆಳಗಿನ ಸಾಲಿನಲ್ಲಿ ದಪ್ಪ ಹಿಡಿಯ ಕಪ್ಪು ಪಿಸ್ತೂಲು. ಮೂತಿಗೆ ಕಿತ್ತಳೆ ಬಣ್ಣದ ಟೋಪಿ. ಇದು ಕೋಲ್ಟ್ 1911. ಅಮೆರಿಕದ ಸೇನೆ ಆ ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು 1985ರವರೆಗೂ ಬದಲಿಸಲಿಲ್ಲ. ಕಿತ್ತಳೆ ಟೋಪಿಗೂ ಅಮೆರಿಕವೇ ಕಾರಣ: ಆಟಿಕೆ ಪಿಸ್ತೂಲು ದೂರದಿಂದಲೇ ಆಟಿಕೆಯೆಂದು ಗೊತ್ತಾಗಲಿ ಅಂತ 1980ರ ದಶಕದ ಕೊನೆಯಲ್ಲಿ ಅಲ್ಲಿ ಕಾನೂನು ಬಂತು. ಆ ಟೋಪಿ ಈಗ ಘಾಟಿಯ ಅಂಗಡಿಯಲ್ಲೂ ನೇತಾಡುತ್ತಿದೆ.

ನಿಜವಾದ 1911ರ ನಕಲು ಬೇಕೆನ್ನುವ ಅಮೆರಿಕದ ಹವ್ಯಾಸಿ ಶೂಟರ್ ಇವತ್ತು ಫಿಲಿಪ್ಪೀನ್ಸಿನದೋ ಟರ್ಕಿಯದೋ ಕೊಳ್ಳುತ್ತಾನೆ. ಪೇಟೆಂಟು ಎಂದೋ ಮುಗಿದಿದೆ. ತಾತ ಯುದ್ಧಕ್ಕೆ ಒಯ್ದಂಥದ್ದನ್ನೇ ಮೂಲ ಕಂಪನಿಗಿಂತ ಬಹಳ ಕಡಿಮೆ ಬೆಲೆಗೆ ತಂದು ಭಾನುವಾರ ಗುರಿ ಹೊಡೆಯುತ್ತಾನೆ. ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ. .45, 9 ಎಂ.ಎಂ. ಎರಡೂ ‘ನಿಷೇಧಿತ ಬೋರ್’, ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ವಿದೇಶದಿಂದ ತರಿಸುವ ಅನುಮತಿ ಹೆಸರು ಮಾಡಿದ ಕ್ರೀಡಾಪಟುಗಳಿಗಷ್ಟೆ. ಹೀಗಾಗಿ ಹಳೆಯ ಸೇನಾ ಪಿಸ್ತೂಲಿನ ಆಕಾರ, ಅದೂ ಪರದೇಶದ್ದು, ಅದೂ ಅಗ್ಗಕ್ಕೆ ಬೇಕಾದವನು ಬರಬೇಕಾದ್ದು ಇಂಥ ಸಾಲಿಗೇ. ನನಗೇನೂ ದುಃಖವಿಲ್ಲ. ಪ್ಲಾಸ್ಟಿಕ್ ಆಗಿರುವುದೇ ವಾಸಿ.

ನಕಲು ಅಂದಕೂಡಲೇ ಮೂಗು ಮುರಿಯುವವರಿದ್ದಾರೆ. ಟಿಪ್ಪು ಹುಟ್ಟಿದ ದೇವನಹಳ್ಳಿ ಇಲ್ಲಿಂದ ಹೆಚ್ಚು ದೂರವಿಲ್ಲ. ಅವನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಯುರೋಪಿನ ಮಾದರಿ ನೋಡಿಯೇ ಚಕಮಕಿ ಕಲ್ಲಿನ ಕೋವಿ, ಪಿಸ್ತೂಲು ಮಾಡಿದರು. ಆದರೆ ಅವರು ಸುಮ್ಮನೆ ನಕಲಿಸಲಿಲ್ಲ, ಮೈತುಂಬ ಹುಲಿಪಟ್ಟೆ ಬಿಡಿಸಿದರು, ಹುಲಿಮುಖ ಕೆತ್ತಿದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವು ಲೂಟಿಯ ಮಾಲಾಗಿ ಇಂಗ್ಲೆಂಡಿಗೆ ಹೋದವು. ಈ ಕಪ್ಪು 1911ರ ಮೇಲೂ ಏನೋ ಕೆತ್ತಿದೆಯಲ್ಲ ಎಂದು ಕಣ್ಣಿನ ಹತ್ತಿರ ಹಿಡಿದೆ. ಬ್ಯಾಟರಿ ಹಾಕುವ ಮುಚ್ಚಳಕ್ಕೆ ಬಾಣದ ಗುರುತು.

ಮೌಸರನ್ನೇ ಕೊಂಡೆ. ಇನ್ನೂರೈವತ್ತು ಹೇಳಿದ್ದು ನೂರೆಂಬತ್ತಕ್ಕೆ ಇಳಿಯಿತು.

ಸಾಲಿನ ಕೊನೆಯಲ್ಲಿ ಬಲೂನಿಗೆ ಗುರಿ ಹೊಡೆಯುವ ಅಂಗಡಿ. ಹಲಗೆಗೆ ಬಿಗಿಯಾಗಿ ಊದಿದ ಸಣ್ಣ ಬಲೂನುಗಳು, ಮುಂದೆ ಮೇಜು, ಮೇಜಿನ ಮೇಲೆ ಎರಡು ಏರ್‌ಗನ್ನು, ಒಂದು ಏರ್ ಪಿಸ್ತೂಲು. ಐವತ್ತಕ್ಕೆ ಹತ್ತು. ಇಲ್ಲಿ ಕಾನೂನು ನೋಡುವ ರೀತಿ ವಿಚಿತ್ರ ಅನ್ನಿಸುತ್ತದೆ. ಹೊರಗಿನ ರೂಪ ಅದಕ್ಕೆ ಬೇಡ. ನಳಿಗೆಯ ತೂತು 4.5 ಮಿ.ಮೀ. ಮೀರದೆ, ಗುಂಡಿನ ಶಕ್ತಿ 20 ಜೂಲ್ ದಾಟದೆ ಇದ್ದರೆ ಲೈಸೆನ್ಸು ಬೇಕಿಲ್ಲ. ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ಪಿಸ್ತೂಲಿನ ಗುಂಡೂ ಇದೇ 4.5. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ಇಲ್ಲಿ ಬಲೂನು ನನ್ನ ಮುಷ್ಟಿಯಷ್ಟು.

ಮೊದಲ ನಾಲ್ಕು ಗುಂಡು ಹಲಗೆಗೆ ಹೋದವು. ಅಂಗಡಿಯ ಹುಡುಗ ಮೆಲ್ಲಗೆ ಅಂದ: ‘ಅಣ್ಣ, ಬಲೂನ್ ನೋಡ್ಬೇಡಿ, ಅದರ ಎಡಕ್ಕೆ ಕೆಳಗೆ ನೋಡಿ ಹೊಡೀರಿ.’ ಗುರಿಯ ಕಣ್ಣು ಓರೆಯಾಗಿತ್ತು. ಬೇಕೆಂದೇ ಓರೆ ಮಾಡಿದ್ದೋ, ಸಾವಿರ ಜನರ ಕೈಯಲ್ಲಿ ಆದದ್ದೋ, ಕೇಳಲು ಸಂಕೋಚವಾಯಿತು. ಮೋಸವಿದ್ದಿದ್ದರೆ ಉಪಾಯ ಯಾಕೆ ಹೇಳಿಕೊಡುತ್ತಿದ್ದ? ಕೊನೆಗೆ ಮೂರು ಒಡೆದವು.

ಗುಡಿಯೊಳಗೆ ನಿಂತದ್ದು ಕಡಿಮೆ ಹೊತ್ತು. ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ನರಸಿಂಹ ಕಾಣುವುದು ಕನ್ನಡಿಯಲ್ಲಿ. ಕತ್ತು ಚಾಚಿ ನೋಡುವಷ್ಟರಲ್ಲಿ ಮುಂದೆ ನಡೀರಿ ಅಂದರು. ಹೊರಗೆ ಹರಕೆ ಹೊತ್ತವರು ತಂದಿಟ್ಟ ನಾಗರಕಲ್ಲುಗಳ ಸಾಲುಗಳು, ಅರಿಸಿನ ಮೆತ್ತಿಕೊಂಡು ಒಂದರ ಬೆನ್ನಿಗೆ ಒಂದು.

ಅಲ್ಲಿಂದ ಕೋತಿಗಳು ಹಿಂಬಾಲಿಸಿದವು. ವಾಪಸು ಬರುವಾಗ ಕಡ್ಲೆಪುರಿ ಅಂಗಡಿಯ ಅಜ್ಜಿ ತಕ್ಕಡಿಯ ಪಕ್ಕದಿಂದ ಒಂದು ಕರೀ ಪಿಸ್ತೂಲು ಎತ್ತಿ ಸುಮ್ಮನೆ ತೋರಿಸಿದರು. ಕೋತಿಗಳು ಚಾವಣಿ ಹಾರಿದವು. ಅದರಲ್ಲಿ ಗುಂಡಿಲ್ಲ, ಶಬ್ದವೂ ಇಲ್ಲ, ಟ್ರಿಗರ್ ಎಂದೋ ಮುರಿದಿದೆ.

ನನ್ನ ಪೆಟ್ಟಿಗೆ ನೋಡಿ ಅಜ್ಜಿ ತಲೆಯಾಡಿಸಿದರು. ‘ಅದರ ಮೂತಿ ಕೆಂಪಗಿದೆಯಲ್ಲಪ್ಪ. ಕೋತಿಗೆ ಕರೀದೇ ಆಗ್ಬೇಕು. ಬಣ್ಣದ್ದು ಕಂಡ್ರೆ ಕ್ಯಾರೇ ಅನ್ನಾಕಿಲ್ಲ.’

ಇದು ನಿಜವೋ, ಅಜ್ಜಿಯ ಲೆಕ್ಕಾಚಾರವೋ ನೋಡಿಯೇ ಬಿಡೋಣವೆಂದು ಗಾಡಿಯ ಹತ್ತಿರ ಪೆಟ್ಟಿಗೆ ಬಿಚ್ಚಿದೆ. ಬಾನೆಟ್ಟಿನ ಮೇಲೆ ಒಂದು ದಢೂತಿ ಗಂಡು ಕೋತಿ ಕೂತಿತ್ತು. ಮೌಸರ್ ಹಿಡಿದೆ. ಅದು ಪಿಸ್ತೂಲನ್ನು ನೋಡಿತು, ನನ್ನನ್ನು ನೋಡಿತು, ಎಡಗೈಯಲ್ಲಿದ್ದ ಬಾಳೆಹಣ್ಣಿನ ಚೀಲ ನೋಡಿತು.

ಚೀಲ ಹೋಯಿತು. ಮೌಸರ್ ಉಳಿಯಿತು.