ತೆರೆಯ ಬಣ್ಣಕ್ಕೆ ಸಾಕ್ಷಿ ಯಾರು?

ಹಳೆಯ ಕನ್ನಡ ಚಿತ್ರವೊಂದು ಡಿವಿಡಿಯ ರೂಪದಲ್ಲಿಯೋ ಅಂತರ್ಜಾಲದ ಮೂಲಕವೋ ಮನೆಗೆ ಬಂದಾಗ ನೋಡಿದವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಥಿಯೇಟರಿನಲ್ಲಿ ಕಂಡಂತೆಯೇ ಇದೆ’ ಎಂಬುದು ಒಂದು. ‘ಅಂದು ಕಂಡ ಬಣ್ಣ ಇದಲ್ಲ’ ಎಂಬುದು ಇನ್ನೊಂದು. ಎರಡನ್ನೂ ಆಡುವವರು ಪ್ರಾಮಾಣಿಕರೇ. ಆದರೆ ನಲವತ್ತು ಐವತ್ತು ವರ್ಷಗಳ ಹಿಂದಿನ ನೋಟವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೀರಿ ಎಂದು ಕೇಳಿದರೆ, ಇಬ್ಬರಿಂದಲೂ ಬರುವ ಉತ್ತರ ನೆನಪು ಎಂಬುದೊಂದೇ. ಈ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪ್ರೇಕ್ಷಕನನ್ನೇ ತೆಗೆದುಕೊಳ್ಳೋಣ. ದೊಡ್ಡ ನಗರಗಳಲ್ಲಿ ಓಡಿ ದಣಿದ ಪ್ರತಿಯೇ ಬಹುಮಟ್ಟಿಗೆ ಇಂಥ ಊರುಗಳಿಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಅದರ ಮೈತುಂಬ ಗೀರು. ತೆರೆಯ ಮೇಲೆ ಸದಾ ಸಣ್ಣ ಮಳೆ. ಹರಿದು ಅಂಟಿಸಿದ ಕಡೆಗಳಲ್ಲಿ ಮಾತು ಜಿಗಿಯುತ್ತಿತ್ತು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಹೊರಗೆ ಕತ್ತಲಾಗದೆ ಆಟ ಮೊದಲಾಗುವಂತಿರಲಿಲ್ಲ. ಯಂತ್ರದೊಳಗೆ ಉರಿಯುವ ಎರಡು ಇಂಗಾಲದ ಕಡ್ಡಿಗಳನ್ನು ಆಪರೇಟರ್ ಆಗಾಗ ಒತ್ತಿ ಸರಿಪಡಿಸುತ್ತಿರಬೇಕು. ಕೈ ಮರೆತರೆ ನಾಯಕಿಯ ಮುಖ ಮಂಕಾಗುತ್ತಿತ್ತು. ಬೆಂಗಳೂರಿನವನು ಮೊದಲ ವಾರ ಕಂಡ ಚಿತ್ರವೂ ಯಲಬುರ್ಗಾದವನು ತಿಂಗಳುಗಳ ಮೇಲೆ ಕಂಡ ಚಿತ್ರವೂ ಹೆಸರಿನಲ್ಲಿ ಒಂದೇ, ಕಣ್ಣಿಗೆ ಬೇರೆ. ಹಾಗಾದರೆ ‘ಥಿಯೇಟರಿನ ನೋಟ’ ಎಂದಾಗ ಯಾವ ಥಿಯೇಟರು?

ಕೊಪ್ಪಳದವರಿಗೆ ಇದನ್ನು ತಿಳಿಯಲು ಒಂದು ಉಪಮಾನ ಊರಲ್ಲಿಯೇ ಇದೆ. ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನವನ್ನು ವಿದ್ವಾಂಸರು ಹೆಚ್ಚಾಗಿ ಓದುವುದು ಕಾಗದದ ಪಡಿಯಚ್ಚಿನಿಂದ. ಪಡಿಯಚ್ಚಿನಲ್ಲಿ ಅಕ್ಷರವೊಂದು ಸಂದೇಹಕ್ಕೆ ಎಡೆಗೊಟ್ಟರೆ ಬಂಡೆಗೆ ಹೋಗಿ ನೋಡಬಹುದು. ಬಂಡೆ ಇದ್ದಲ್ಲಿಯೇ ಇದೆ. ಚಲನಚಿತ್ರಕ್ಕೂ ಅಂಥದೊಂದು ಬಂಡೆಯುಂಟು. ಅದು ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್. ಆದರೆ ಇಲ್ಲಿ ಉಪಮಾನ ಅರ್ಧಕ್ಕೆ ನಿಲ್ಲುತ್ತದೆ. ಏಕೆಂದರೆ ನೆಗೆಟಿವ್ ಎಂಬುದು ಪೂರ್ಣಗೊಂಡ ಚಿತ್ರವಲ್ಲ. ಲ್ಯಾಬೊರೇಟರಿಯಲ್ಲಿ ಪ್ರತಿಯೊಂದು ದೃಶ್ಯಕ್ಕೂ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಸುಮಾರು 1ರಿಂದ 50ರವರೆಗಿನ ಮೆಟ್ಟಿಲುಗಳಲ್ಲಿ ಹೆಚ್ಚು ಕಡಿಮೆ ಮಾಡಿ, ಛಾಯಾಗ್ರಾಹಕನ ಒಪ್ಪಿಗೆ ಪಡೆದು ಪ್ರತಿ ಮುದ್ರಿಸುತ್ತಿದ್ದರು. ಸಂಜೆ ಎಷ್ಟು ಕೆಂಪಗಿರಬೇಕು, ಅಡುಗೆಮನೆಯ ಮೂಲೆ ಎಷ್ಟು ಕತ್ತಲಿರಬೇಕು ಎಂಬ ತೀರ್ಮಾನವಾಗುತ್ತಿದ್ದುದು ಅಲ್ಲಿ. ಇಂದಿನ ಯಂತ್ರ ನೆಗೆಟಿವ್‌ನಿಂದ ನೇರವಾಗಿ ಚಿತ್ರವನ್ನೆತ್ತಿದಾಗ ಅಂದು ಯಾವ ತೆರೆಯ ಮೇಲೂ ಕಾಣದ ವಿವರಗಳು ಹೊರಬರುತ್ತವೆ. ಅವನ್ನೆಲ್ಲ ಕಂಡು ಹಿಗ್ಗಿ ಎಲ್ಲವನ್ನೂ ಬೆಳಗಿಸಿಬಿಟ್ಟರೆ ಚಿತ್ರ ಸ್ವಚ್ಛವಾಗುತ್ತದೆ, ಸುಳ್ಳಾಗುತ್ತದೆ.

ಇನ್ನು ಹಳೆಯ ಪ್ರದರ್ಶನ ಪ್ರತಿಯನ್ನೇ ಸಾಕ್ಷಿಗೆ ಕರೆಯೋಣವೆಂದರೆ ಅದರ ಸಾಕ್ಷ್ಯವೂ ಕೆಟ್ಟಿರುತ್ತದೆ. 1970ರ ದಶಕದ ವರ್ಣಪ್ರತಿಗಳಲ್ಲಿ ನೀಲಿ ಹಸಿರಿನ ವರ್ಣದ್ರವ್ಯ ಎಲ್ಲಕ್ಕಿಂತ ಮೊದಲು ಮಾಸುತ್ತದೆ. ಡಬ್ಬಿಯೊಳಗೆ ಕತ್ತಲಲ್ಲಿಟ್ಟರೂ ಮಾಸುತ್ತದೆ. ಉಳಿಯುವುದು ಒಂದು ಬಗೆಯ ಕುಂಕುಮದ ನೀರಿನ ಬಣ್ಣ. ಇಂಥ ಪ್ರತಿಯಿಂದ ಟೇಪಿಗೆ, ಟೇಪಿನಿಂದ ವಿಸಿಡಿಗೆ, ಅಲ್ಲಿಂದ ಅಂತರ್ಜಾಲಕ್ಕೆ ಇಳಿದು ಬಂದ ಚಿತ್ರಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅವನ್ನು ನೋಡಿದ ಇಂದಿನ ಹುಡುಗರು ‘ಆ ಕಾಲದ ಚಿತ್ರಗಳೆಲ್ಲ ಹೀಗೆ ಕೆಂಪಗೆ, ಮಬ್ಬಾಗಿ ಇರುತ್ತಿದ್ದವು’ ಎಂದು ನಂಬುತ್ತಾರೆ. ಅವರನ್ನು ತಿದ್ದಬಲ್ಲ ಕಣ್ಣುಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ.

ಸಾಕ್ಷಿಗಳು ಜೊತೆಗೂಡಿದಾಗ ಕೆಲಸ ಹೇಗಾಗುತ್ತದೆ ಎಂಬುದಕ್ಕೆ ‘ಘಟಶ್ರಾದ್ಧ’ ನಿದರ್ಶನ. 1977ರ ಈ ಕಪ್ಪುಬಿಳುಪು ಚಿತ್ರದ ಛಾಯಾಗ್ರಾಹಕ ಎಸ್. ರಾಮಚಂದ್ರ 2011ರಲ್ಲಿಯೇ ತೀರಿಕೊಂಡಿದ್ದರು. ಆದರೆ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಪುನರುಜ್ಜೀವನದ ಕಾರ್ಯದಲ್ಲಿ ಜೊತೆಗಿದ್ದರು. ಹೀಗೆ ಸಿದ್ಧವಾದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಒಂದು ಕಡೆ ವಸ್ತುವಿನ ಸಾಕ್ಷ್ಯ, ಇನ್ನೊಂದು ಕಡೆ ಮಾಡಿದವನ ನೆನಪು. ಇದು ಪ್ರೇಕ್ಷಕನ ನೆನಪಿಗಿಂತ ಬೇರೆ ತೂಕದ್ದು.

ಕಪ್ಪುಬಿಳುಪಿನ ಚಿತ್ರಕ್ಕೆ ಬಣ್ಣ ಹಚ್ಚಿದಾಗಲಂತೂ ಹೋಲಿಸುವ ಪ್ರಶ್ನೆಯೇ ಏಳುವುದಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ವರ್ಣದಲ್ಲಿ ಬಂದವು. ಜನ ಸಂತೋಷಪಟ್ಟರು, ಆ ಸಂತೋಷವನ್ನು ನಾನು ಹಳಿಯಲಾರೆ. ಆದರೆ ‘ಕಸ್ತೂರಿ ನಿವಾಸ’ದ ಆ ಗೊಂಬೆಯನ್ನೇ ನೋಡಿ. ಕಿನ್ನಾಳದ ಚಿತ್ರಗಾರ ಗೊಂಬೆಗೆ ಬಣ್ಣ ಬಳಿದರೆ ಅದು ಅವನ ಗೊಂಬೆ, ಅವನ ತೀರ್ಮಾನ. ಚಿತ್ರದ ಗೊಂಬೆಗೆ ಬಣ್ಣವನ್ನು ನಾಲ್ಕು ದಶಕಗಳ ಮೇಲೆ ಬೇರೊಬ್ಬರು ಗಣಕಯಂತ್ರದ ಮುಂದೆ ಕುಳಿತು ಆರಿಸಿದರು. ಅಂದಿನ ಛಾಯಾಗ್ರಾಹಕ ಬೆಳಕನ್ನಿಟ್ಟದ್ದು ಬೂದುಬಣ್ಣದ ಮೆಟ್ಟಿಲುಗಳಿಗಾಗಿ. ಹೊಸದು ಚೆನ್ನಾಗಿದೆಯೆ ಎಂದು ಕೇಳಬಹುದು, ಅಂದಿನಂತಿದೆಯೆ ಎಂದಲ್ಲ.

ನೆಗೆಟಿವ್ ಆಗಲಿ ನಿರ್ದೇಶಕರಾಗಲಿ ಕೈಗೆಟುಕದ ಸಾಮಾನ್ಯ ಪ್ರೇಕ್ಷಕ ಮನೆಯಲ್ಲಿ ಕುಳಿತು ಏನನ್ನು ಪರೀಕ್ಷಿಸಬಹುದು? ಮೊದಲು ತನ್ನ ಟಿ.ವಿ.ಯನ್ನು. ಅಂಗಡಿಯಲ್ಲಿ ಕಣ್ಸೆಳೆಯಲೆಂದು ಅದರ ಬಣ್ಣವನ್ನು ಕಡುವಾಗಿಸಿರುತ್ತಾರೆ, ಚಲನೆಯನ್ನು ನುಣುಪಾಗಿಸಿರುತ್ತಾರೆ. ಅವೆರಡನ್ನೂ ತೆಗೆಯದೆ ಚಿತ್ರವನ್ನು ದೂರಬಾರದು. ಆಮೇಲೆ ಚೌಕಟ್ಟು. ಹಳೆಯ ಚಿತ್ರಗಳ ಅಗಲ ಎತ್ತರದ ಸುಮಾರು 1.37ರಷ್ಟು. ಅದನ್ನು ಸಿನಿಮಾಸ್ಕೋಪಿನ 2.35ಕ್ಕೆ ಹಿಗ್ಗಿಸಬೇಕಾದರೆ ಮೇಲೆ ಕೆಳಗೆ ನೂರಕ್ಕೆ ನಲವತ್ತಕ್ಕೂ ಮಿಕ್ಕು ಭಾಗ ಕತ್ತರಿಸಬೇಕು. ಪಾತ್ರಗಳ ನೆತ್ತಿ ಪದೇ ಪದೇ ಹಾರಿಹೋಗಿದ್ದರೆ, ಕುಣಿಯುವವಳ ಪಾದ ಕಾಣದಿದ್ದರೆ ಕತ್ತರಿ ಆಡಿದೆಯೆಂದೇ ತಿಳಿಯಬೇಕು. ಬಿಳಿಯ ಧೋತರವನ್ನು ನೋಡಿ: ನೆರಿಗೆಗಳು ಉಳಿದಿವೆಯೆ, ಸುಣ್ಣದ ಗೋಡೆಯಂತೆ ಬೋಳಾಗಿದೆಯೆ? ರಾತ್ರಿಯ ದೃಶ್ಯಗಳನ್ನು ನೋಡಿ. ಆ ಕಾಲದಲ್ಲಿ ಹಲವು ರಾತ್ರಿಗಳನ್ನು ಹಗಲಿನಲ್ಲಿಯೇ ತೆಗೆದು ಮುದ್ರಣದಲ್ಲಿ ಕತ್ತಲಾಗಿಸುತ್ತಿದ್ದರು. ಕಂದೀಲು ಹಿಡಿದು ಮೆಲ್ಲಗೆ ಬರುವ ಕಳ್ಳನ ನೆರಳು ಬಿಸಿಲಿನಲ್ಲಿ ಕಡ್ಡಿಯಂತೆ ಬಿದ್ದಿದ್ದರೆ, ವರ್ಗಾಯಿಸಿದವನಿಗೆ ಅದು ರಾತ್ರಿಯೆಂದು ತಿಳಿದಿಲ್ಲ. ಮುಖಗಳ ಮೇಲೆ ಫಿಲ್ಮಿನ ಸಣ್ಣ ಕಣಗಳು ಆಡುತ್ತಿರಬೇಕು. ಅವನ್ನು ಒರೆಸಿದರೆ ಚರ್ಮ ಮೇಣವಾಗುತ್ತದೆ.

ಕಿವಿಗೂ ಒಂದು ಪರೀಕ್ಷೆಯುಂಟು. ಥಿಯೇಟರಿನಲ್ಲಿ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ; ನಮ್ಮ ದೂರದರ್ಶನ ಪದ್ಧತಿ 25ರದು. ಒಂದಕ್ಕೊಂದನ್ನು ಹಾಗೆಯೇ ಹೊಂದಿಸಿದರೆ ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ. ಹಾಡಿನ ಶ್ರುತಿ ಹಾರ್ಮೋನಿಯಂನ ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಏರುತ್ತದೆ. ಭಜನೆಯ ಪೆಟ್ಟಿಗೆ ಕುಷ್ಟಗಿಯಲ್ಲಿಯೂ ಸಿಗುತ್ತದೆ, ಯಲಬುರ್ಗಾದಲ್ಲಿಯೂ ಸಿಗುತ್ತದೆ. ಅದೇ ಹಾಡಿನ ಹಳೆಯ ಗ್ರಾಮಫೋನ್ ತಟ್ಟೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ಎರಡನ್ನೂ ಒಂದಾದ ಮೇಲೊಂದು ಕೇಳಿ, ಪೆಟ್ಟಿಗೆಯ ಮೇಲೆ ಬೆರಳಿಟ್ಟು ನೋಡಬಹುದು.